ಗಾದ್ರಪ್ಪನ ವೀರಗಲ್ಲು

ಜಗಳೂರಿನ ರಾಜ್ಯೋತ್ಸವಕ್ಕೆ ಬರುವವರಲ್ಲಿ ಭಾಷಣ ಕೇಳಲು ಬರುವವರು ಅರ್ಧ ಜನವೂ ಇರುವುದಿಲ್ಲ. ನಿಜ ಹೇಳಬೇಕೆಂದರೆ ಕಾಲು ಭಾಗವೂ ಇರುವುದಿಲ್ಲ, ಆದರೆ ಅಷ್ಟು ನಿಜ ಹೇಳಿದರೆ ವೇದಿಕೆಯ ಮೇಲೆ ಶಾಲು ಹೊದ್ದು ಕೂತವರಿಗೆ ಬೇಸರವಾಗುತ್ತದೆ. ಜನ ಬರುವುದು ಟ್ರಾಲಿ ನೋಡಲು. ನವೆಂಬರ್ ಒಂದರ ಬೆಳಿಗ್ಗೆ ಟ್ರ್ಯಾಕ್ಟರುಗಳ ಹಿಂದೆ ಸಾಲಾಗಿ ಬರುವ ಟ್ರಾಲಿಗಳ ಮೇಲೆ ಒಂದೊಂದು ಬಳಗದವರು ಒಂದೊಂದು ಸ್ತಬ್ಧಚಿತ್ರ ಕಟ್ಟಿರುತ್ತಾರೆ. ಒಂದರ ಮೇಲೆ ತಾಯಿ ಭುವನೇಶ್ವರಿ, ಇನ್ನೊಂದರ ಮೇಲೆ ನೇಗಿಲು ಹಿಡಿದ ರೈತ, ಮತ್ತೊಂದರ ಮೇಲೆ ಹುಲ್ಲಿನ ಗುಡಿಸಲು, ಅದರ ಮುಂದೆ ಗಡ್ಡ ಅಂಟಿಸಿಕೊಂಡ ಋಷಿ. ಇವೆಲ್ಲ ಹೋದ ಮೇಲೂ ಜನ ಬಿಸಿಲಿನಲ್ಲೇ ನಿಂತು ಕಾಯುತ್ತಿದ್ದದ್ದು ಕೆರೆ ಬೀದಿ ಗೆಳೆಯರ ಬಳಗದ ಟ್ರಾಲಿಗೆ. ಅದು ಹೆಸರಿಗಷ್ಟೇ ಬಳಗದ್ದು. ಕಟ್ಟುತ್ತಿದ್ದವನು ಗಾದ್ರಪ್ಪ.

ಗಾದ್ರಪ್ಪ ಹುಟ್ಟಾ ಕಲಾವಿದನೇನಲ್ಲ. ಹರೆಯದಲ್ಲಿ ಗೋಡೆಗಳ ಮೇಲೆ 'ಇಲ್ಲಿ ಮೂತ್ರ ಮಾಡಬಾರದು' ಎಂದು ಬರೆದು ಕೈ ಕುದುರಿಸಿಕೊಂಡವನು. ಆಮೇಲೆ ಅಂಗಡಿ ಬೋರ್ಡು, ಲಾರಿಗಳ ಹಿಂದಿನ ಹೂಬಳ್ಳಿ, ಶಾಲೆಯ ಗೋಡೆಗಳ ಮೇಲಿನ ಭೂಪಟ. ಈಗ ಮನೆಗಳಿಗೆ ಬಣ್ಣ ಹೊಡೆಯುತ್ತಾನೆ. ಮಾತು ಕಡಿಮೆ, ಸಿಟ್ಟು ಜಾಸ್ತಿ. ವರ್ಷವಿಡೀ ಊರಿನವರ ಗೋಡೆಗೆ ಊರಿನವರು ಹೇಳಿದ ಬಣ್ಣ ಬಳಿಯುತ್ತಿದ್ದವನಿಗೆ, ತನಗೆ ಬೇಕಾದಂತೆ ಮಾಡಿ ನಿಲ್ಲಿಸಲು ಇದ್ದದ್ದು ಅದೊಂದೇ ಟ್ರಾಲಿ, ಅದೊಂದೇ ದಿನ.

ಆ ಒಂದು ದಿನಕ್ಕೆ ಅವನು ಹನ್ನೆರಡು ತಿಂಗಳು ದುಡಿಯುತ್ತಿದ್ದ. ಮನೆಯ ಹಿಂದೆ ತಗಡಿನ ಶೆಡ್ಡು. ಅದರೊಳಗೆ ಹಳೆಯ ವರ್ಷಗಳ ಬೊಂಬೆಗಳು: ಬಿದಿರಿನ ದಬ್ಬೆಯ ಎಲುಬು, ಅದರ ಮೇಲೆ ಗೋಣಿತಟ್ಟು, ಅದರ ಮೇಲೆ ಮೈದಾ ಗೋಂದಿನಲ್ಲಿ ಅದ್ದಿದ ಕಾಗದದ ಪದರ. ಗೋಂದು ಅಂದರೆ ಇಲಿಗಳಿಗೆ ಹಬ್ಬದೂಟ. ಅದಕ್ಕೇ ಗೋಂದು ಕುದಿಸುವಾಗಲೇ ಮೈಲುತುತ್ತ ಹಾಕುತ್ತಿದ್ದ. ಮಳೆಗಾಲ ಮುಗಿದ ಕೂಡಲೇ ಬೊಂಬೆಗಳನ್ನೆಲ್ಲ ಅಂಗಳಕ್ಕೆ ತಂದು ಬಿಸಿಲಿಗೆ ನಿಲ್ಲಿಸಿ, ಸೀಳಿದ ಕಡೆ ತೇಪೆ ಹಚ್ಚುತ್ತಿದ್ದ. ಒಂದೇ ಮೈ, ವರ್ಷಕ್ಕೊಂದು ತಲೆ. ಹೋದ ವರ್ಷದ ಬೇಟೆಗಾರ ಈ ವರ್ಷ ಕಮ್ಮಾರ, ಬರುವ ವರ್ಷ ಅವನೇ ಅಂಚೆಯವನು. "ನಮ್ಮನೇಲಿ ಜನಗಣತಿ ಮಾಡಾಕೆ ಬಂದ್ರೆ ಹದಿನೈದು ಜನ ಅಂತ ಬರಕಂಡು ಹೋಗ್ತಾರೆ" ಎಂದು ಅವನ ಹೆಂಡತಿ ಶಂಕ್ರಮ್ಮ ನಗುತ್ತಿದ್ದಳು.

ಅವನ ಹೆಸರು ಜಗಳೂರಿನಲ್ಲೇ ನಿಲ್ಲಲಿಲ್ಲ. ಹೊನ್ನಾಳಿಯವರು ಒಂದು ಸಲ ಕರೆದುಕೊಂಡು ಹೋಗಿ ಭತ್ತದ ಕಣದ ಟ್ರಾಲಿ ಕಟ್ಟಿಸಿದರು. ಚನ್ನಗಿರಿಯವರು ಎರಡು ವರ್ಷ ಕರೆದರು. ನ್ಯಾಮತಿ ತಾಲ್ಲೂಕು ಕೇಂದ್ರವಾದ ಮೇಲೆ ಅಲ್ಲಿನವರೂ ಬಂದು, ನಮಗೂ ಒಂದು ಒಳ್ಳೇದು ಮಾಡಿಕೊಡಿ ಎಂದು ಕೇಳಿದರು. ಗಾದ್ರಪ್ಪ ಎಲ್ಲ ಕಡೆಯೂ ಮೊದಲು ಒಂದೇ ಷರತ್ತು ಹಾಕುತ್ತಿದ್ದ: ಟ್ರಾಲಿ ಹತ್ತಿದವರು ಇಳಿಯುವ ತನಕ ಅಲ್ಲಾಡಬಾರದು.

ಇದು ದೊಡ್ಡ ಷರತ್ತೇನಲ್ಲ ಅಂತ ನಿಮಗೆ ಅನ್ನಿಸಬಹುದು. ನಮ್ಮ ಕಡೆಯ ಸ್ತಬ್ಧಚಿತ್ರಗಳನ್ನು ನೀವು ನೋಡಿಲ್ಲ. ಭುವನೇಶ್ವರಿ ಬಾಳೆಹಣ್ಣು ತಿನ್ನುತ್ತಿರುತ್ತಾಳೆ. ಋಷಿ ಮೊಬೈಲಿನಲ್ಲಿ ಮಾತಾಡುತ್ತಿರುತ್ತಾನೆ. ರೈತನು ನೇಗಿಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೀದಿಯ ನೆಂಟರಿಗೆಲ್ಲ ಕೈ ಬೀಸುತ್ತಾನೆ. ಗಾದ್ರಪ್ಪನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಸ್ತಬ್ಧ ಅಂದ ಮೇಲೆ ಸ್ತಬ್ಧವಾಗಿರಬೇಕು, ಜನ ಬೊಂಬೆ ಯಾವುದು ಮನುಷ್ಯ ಯಾವನು ಅಂತ ಬಾಜಿ ಕಟ್ಟಬೇಕು, ಅದು ಅವನ ಹಟ. ಆ ಹಟ ನಡೆಸಿಕೊಟ್ಟವನು ಒಬ್ಬನೇ, ಕೆಂಚೇಶ.

ಕೆಂಚೇಶ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ದಿನವಿಡೀ ಗಿರಣಿ ಸದ್ದಿನ ಮೇಲೆ ಕೂಗಿ ಕೂಗಿ, ಮನೆಯಲ್ಲಿ ಉಪ್ಪು ಕೇಳಿದರೂ ನಾಲ್ಕು ಮನೆಗೆ ಕೇಳಿಸುವಂತೆ ಕೇಳುತ್ತಿದ್ದ. ಜೋಳ ಬೀಸಿಸಲು ಬಂದ ಹೆಂಗಸರ ಮನೆಯ ಸುದ್ದಿಯೆಲ್ಲ ಅವನಿಗೆ ಬೇಕು. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಅಂಥವನು ಟ್ರಾಲಿ ಹತ್ತಿದನೆಂದರೆ ಮುಗಿಯಿತು. ಒಂದೂವರೆ ಗಂಟೆ ರೆಪ್ಪೆಯನ್ನು ಸಹ ಲೆಕ್ಕ ಹಾಕಿದಂತೆ ಬಡಿಯುತ್ತಿದ್ದ. ಉಸಿರು ಹೊಟ್ಟೆಯಲ್ಲಿ ಆಡಬೇಕು, ಎದೆಯಲ್ಲಿ ಆಡಬಾರದು ಎಂದು ಗಾದ್ರಪ್ಪ ಕಲಿಸಿದ್ದ. ವಿಜಯದಶಮಿ ಕಳೆದ ಮಾರನೆಯ ದಿನದಿಂದ ದಿನಾ ಸಂಜೆ ಗಾದ್ರಪ್ಪನ ಅಂಗಳದಲ್ಲಿ ನಿಂತು ಅಭ್ಯಾಸ. ಒಬ್ಬ ನಿಲ್ಲುವುದು, ಒಬ್ಬ ಎದುರಿಗೆ ಕೂತು ನೋಡುವುದು. ಇಪ್ಪತ್ತೆರಡು ವರ್ಷ ಇಬ್ಬರೂ ಹೀಗೆ ಎದುರುಬದುರಾಗಿ ಕಳೆದ ಸಂಜೆಗಳನ್ನು ಯಾರೂ ಎಣಿಸಿಲ್ಲ.

"ವರ್ಷವೆಲ್ಲ ನಾನು ಮಾತಾಡ್ತೀನಿ, ನೀನು ಸುಮ್ಮನಿರ್ತೀಯ. ಒಂದು ದಿನ ನಾನು ಸುಮ್ಮನಿರ್ತೀನಿ, ಊರೇ ಮಾತಾಡ್ತೈತೆ. ಹೆಂಗೈತಲೇ ನಮ್ಮ ವ್ಯಾಪಾರ?" ಎನ್ನುತ್ತಿದ್ದ ಕೆಂಚೇಶ.

ಇಬ್ಬರ ನಡುವೆ ಒಂದು ಸನ್ನೆ ಇತ್ತು. ಯಾವ ವೇಷವೇ ಇರಲಿ, ಕೆಂಚೇಶನ ಎಡಗೈ ಹೆಬ್ಬೆರಳು ಬಿಡುವಾಗಿರುವಂತೆ ಗಾದ್ರಪ್ಪ ನೋಡಿಕೊಳ್ಳುತ್ತಿದ್ದ. ತಾನು ಟ್ರಾಲಿಯ ಎಡಬದಿಯಲ್ಲೇ ನಡೆಯುತ್ತಿದ್ದ. ಹೆಬ್ಬೆರಳು ಒಂದು ಸಲ ಮಡಚಿದರೆ ಎಲ್ಲೋ ನವೆ, ಇರುವೆ, ಬಿಗಿತ. ಆಗ ಗಾದ್ರಪ್ಪ ಹಿಂದಿನ ಪರದೆಯ ಸಂದಿಯಿಂದ ಹತ್ತಿ ಸರಿಮಾಡಿ ಬರುತ್ತಿದ್ದ. ಎರಡು ಸಲ ಮಡಚಿದರೆ, ನನ್ನ ಕೈಲಾಗದು, ಇಳಿಸು ಎಂದು. ಇಪ್ಪತ್ತೊಂದು ವರ್ಷ ಕೆಂಚೇಶ ಎರಡು ಸಲ ಮಡಚಿದ್ದೇ ಇಲ್ಲ.

ಇಪ್ಪತ್ತೆರಡನೆಯ ವರ್ಷ ಗಾದ್ರಪ್ಪನಿಗೆ ವೀರಗಲ್ಲು ಮಾಡಬೇಕೆನ್ನಿಸಿತು. ಊರಾಚೆ ಹೊಲದ ಬದುವಿನಲ್ಲಿ ಒಂದು ಹಳೆಯ ವೀರಗಲ್ಲು ಅರ್ಧ ಹೂತು ನಿಂತಿದೆ. ಕಳ್ಳರಿಂದ ದನ ಕಾಯಲು ಹೋಗಿ ಸತ್ತವನೊಬ್ಬನ ಕಲ್ಲು. ಚಿಕ್ಕಂದಿನಿಂದ ಅದನ್ನು ನೋಡಿದ್ದ. ಅದನ್ನೇ ಹತ್ತು ಅಡಿ ಎತ್ತರಕ್ಕೆ ಪ್ಲೈವುಡ್ಡು, ಥರ್ಮಾಕೋಲು, ಗೋಣಿತಟ್ಟಿನಲ್ಲಿ ಕಟ್ಟಿದ. ಮೇಲಿನ ಸಾಲಿನಲ್ಲಿ ಲಿಂಗ, ನಡುವಿನ ಸಾಲಿನಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಎಲ್ಲ ಬೊಂಬೆಗಳೇ. ಕೆಳಗಿನ ಸಾಲಿನಲ್ಲಿ ಒಂದು ಗೂಡು ಬಿಟ್ಟು, ಅದರೊಳಗೆ ಕತ್ತಿ ಎತ್ತಿ ನಿಂತ ವೀರ, ಕೆಂಚೇಶ. ಸುಣ್ಣ, ಕಾಡಿಗೆ, ಕೊಬ್ಬರಿ ಎಣ್ಣೆ ಕಲಸಿ ಕಲ್ಲಿನ ಬಣ್ಣ ಮಾಡಿ ತಲೆಗೂದಲಿನಿಂದ ಉಗುರಿನ ತನಕ ಹಚ್ಚಿದ. ಕತ್ತಿ ಹಿಡಿದ ಕೈ ನೋಯದಿರಲೆಂದು ಮರೆಯಲ್ಲಿ ಒಂದು ಕೊಕ್ಕೆ ಮಾಡಿದ. ನಮ್ಮೂರಿನ ರಸ್ತೆಯ ಹಂಪುಗಳು ಎಂಥವೆಂದು ಗೊತ್ತಿದ್ದರಿಂದ, ಜೋಲಿ ಹೊಡೆದು ಬೀಳದಿರಲೆಂದು ಹಳೆಯ ಜೀಪಿನ ಸೀಟ್ ಬೆಲ್ಟು ತಂದು, ಎದೆಗೊಂದು ಸೊಂಟಕ್ಕೊಂದು ಬಿಗಿದು ಹಿಂದಿನ ಹಲಗೆಗೆ ಕಟ್ಟಿ, ಮೇಲೆ ಬೂದುಬಣ್ಣದ ಬಟ್ಟೆ ಮುಚ್ಚಿದ. ಗೆಳೆಯನ ಮೇಲಿನ ಕಾಳಜಿಯಿಂದಲೇ ಇದನ್ನೆಲ್ಲ ಮಾಡಿದ, ಅದರಲ್ಲಿ ಅನುಮಾನವಿಲ್ಲ.

ಬೆಳಿಗ್ಗೆ ಬಣ್ಣ ಹಚ್ಚುವಾಗ ಕೆಂಚೇಶ ತೇಗಿದ. "ಎದೆ ಉರಿತೈತಲೇ. ರಾತ್ರಿ ಮಂಡಕ್ಕಿ ಜೊತೆ ಮೆಣಸಿನಕಾಯಿ ಜಾಸ್ತಿ ಆದ್ವು" ಎಂದ. ಗಾದ್ರಪ್ಪ ಒಂದು ಸೋಡಾ ತರಿಸಿ ಕುಡಿಸಿದ. ಇನ್ನೊಂದು ಸಲ ತೇಗಿ, ಈಗ ಹಗುರಾಯಿತು ಎಂದು ಕೆಂಚೇಶ ಗೂಡಿನೊಳಗೆ ಹೋಗಿ ನಿಂತ.

ಮೆರವಣಿಗೆಯ ದಾರಿ ಜಗಳೂರಿನವರಿಗೆ ಬಾಯಿಪಾಠ. ಕೆರೆ ಬೀದಿ ಬಿಟ್ಟು ಬಸ್ ಸ್ಟ್ಯಾಂಡು, ಅಲ್ಲಿಂದ ನೂರು ಹೆಜ್ಜೆಗೆ ಗಾಂಧಿ ಸರ್ಕಲ್ಲು, ಸರ್ಕಲ್ಲಿನಲ್ಲಿ ತೀರ್ಪುಗಾರರ ಪೆಂಡಾಲು. ಸರ್ಕಲ್ ದಾಟಿದರೆ ದೊಡ್ಡ ಆಸ್ಪತ್ರೆಯ ಗೇಟು, ಆಮೇಲೆ ಶಾಲೆಯ ಮೈದಾನ. ಪ್ರತಿ ಟ್ರಾಲಿಯೂ ಪೆಂಡಾಲಿನ ಮುಂದೆ ನಿಂತು, ತೀರ್ಪುಗಾರರು ಸುತ್ತು ಹಾಕಿ ನೋಡಿದ ಮೇಲೆ ಮುಂದಕ್ಕೆ ಹೋಗಬೇಕು.

ಬಸ್ ಸ್ಟ್ಯಾಂಡಿನ ಮುಂದೆ ಬಂದಾಗ ಕೆಂಚೇಶನ ಹೆಬ್ಬೆರಳು ಮಡಚಿತು. ಗಾದ್ರಪ್ಪ ನೋಡುತ್ತಿದ್ದಂತೆಯೇ ಬಿಚ್ಚಿಕೊಂಡು ಇನ್ನೊಂದು ಸಲ ಮಡಚಿತು.

ಗಾದ್ರಪ್ಪನಿಗೆ ಮೊದಲು ಬಂದದ್ದು ಸಿಟ್ಟು. ಇಪ್ಪತ್ತೆರಡು ವರ್ಷದಲ್ಲಿ ಇಂಥ ಕೆಲಸ ಕಟ್ಟಿರಲಿಲ್ಲ. ಪೆಂಡಾಲು ಎದುರಿಗೇ ಕಾಣುತ್ತಿತ್ತು. ಹಿಂದಿನ ಸಂದಿಯಿಂದ ಹತ್ತಿ, ಬೆಲ್ಟು ಬಿಚ್ಚಿ, ವೀರನನ್ನು ಕೆಳಗಿಳಿಸಿದರೆ ಉಳಿಯುವುದು ಒಂದು ಖಾಲಿ ಗೂಡು. ಟ್ರಾಲಿಯ ಅಂಚಿಗೆ ಕೈಯಿಟ್ಟು, ತುಟಿ ಅಲ್ಲಾಡಿಸದೆ, "ಸರ್ಕಲ್ ಒಂದು ದಾಟ್ಲಿ ತಡಕಳಲೇ, ಹತ್ತು ನಿಮಿಷ" ಎಂದ. ಹೆಬ್ಬೆರಳು ಮತ್ತೆ ಮಡಚಲಿಲ್ಲ. ತಡೆದುಕೊಂಡ ಎಂದುಕೊಂಡ ಗಾದ್ರಪ್ಪ.

ಸರ್ಕಲ್ಲಿನಲ್ಲಿ ಟ್ರ್ಯಾಕ್ಟರಿನವನು ಬ್ರೇಕು ಹಾಕಿದ. ಟ್ರಾಲಿ ಜಗ್ಗಿ ನಿಂತಿತು. ವೀರನ ತಲೆ ಸ್ವಲ್ಪ ಎಡಕ್ಕೆ ವಾಲಿತು. ಕಲ್ಲಿನಲ್ಲಿ ಕೆತ್ತಿದ ವೀರನ ತಲೆಯೂ ಹಾಗೇ ವಾಲಿತ್ತಲ್ಲ, ಎಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾನೆ ಎಂದು ಗಾದ್ರಪ್ಪನ ಸಿಟ್ಟು ಇಳಿಯಿತು. ತೀರ್ಪುಗಾರರು ಸುತ್ತು ಹಾಕಿದರು. ಅವರಲ್ಲೊಬ್ಬರು ಹತ್ತಿರ ಬಂದು ಕನ್ನಡಕ ತೆಗೆದು ನೋಡಿ, ಇದು ಮನುಷ್ಯನೇ ಹೌದೇ ಎಂದು ಕೇಳಿದರು. ಒಂದು ನೊಣ ಬಂದು ಕೆಂಚೇಶನ ಕಣ್ಣಿನ ಅಂಚಿನಲ್ಲೇ ಕೂತಿತು. ಅಲ್ಲಿಂದ ರೆಪ್ಪೆಯ ಮೇಲೆ ನಡೆಯಿತು. ರೆಪ್ಪೆ ಅಲುಗಲಿಲ್ಲ. ಸುತ್ತ ನಿಂತ ಜನ ಅದನ್ನು ಕಂಡು ಹೋ ಎಂದು ಚಪ್ಪಾಳೆ ತಟ್ಟಿದರು. ಗಾದ್ರಪ್ಪನ ಎದೆ ಉಬ್ಬಿತು. ಆ ಗಳಿಗೆಯಲ್ಲಿ ಅವನಷ್ಟು ಸಂತೋಷದಲ್ಲಿದ್ದ ಮನುಷ್ಯ ಜಗಳೂರಿನಲ್ಲಿ ಇನ್ನೊಬ್ಬನಿರಲಿಲ್ಲ.

ಮೈದಾನದಲ್ಲಿ, ಪರದೆಯ ಹಿಂದಿನಿಂದ ಹತ್ತಿ, "ಗೆದ್ದೆ ಕಣಲೇ ಕೆಂಚ, ಇಳಿ" ಎನ್ನುತ್ತ ಬೆಲ್ಟು ಬಿಚ್ಚಿದ. ಬೆಲ್ಟು ಬಿಚ್ಚಿದ ಕೂಡಲೇ ಕೆಂಚೇಶ ಪೂರ್ತಿ ಭಾರದೊಂದಿಗೆ ಅವನ ಮೇಲೆ ಬಿದ್ದ.

ಹೃದಯಾಘಾತ, ಜೀವ ಹೋಗಿ ಸ್ವಲ್ಪ ಹೊತ್ತಾಗಿದೆ ಎಂದರು ಡಾಕ್ಟರು. ಎಷ್ಟು ಹೊತ್ತು ಎಂದು ಯಾರೂ ಕೇಳಲಿಲ್ಲ. ಬಣ್ಣ ತೊಳೆಯುವ ಕೆಲಸವನ್ನು ಗಾದ್ರಪ್ಪ ಬೇರೆಯವರಿಗೆ ಬಿಡಲಿಲ್ಲ. ಕೆಂಚೇಶನ ಮನೆಯ ಹಿತ್ತಲಲ್ಲಿ ಕೊಬ್ಬರಿ ಎಣ್ಣೆ, ಬಿಸಿನೀರು, ಹಳೆಯ ಪಂಚೆಯ ಚೂರು ಹಿಡಿದು ಕೂತ. ಬೂದುಬಣ್ಣ ಹೋದಂತೆ ಕೆಳಗಿನ ತುಟಿ ಕಾಣಿಸಿತು, ನೀಲಿಯಾಗಿತ್ತು. ಬಣ್ಣವಿಲ್ಲದಿದ್ದರೆ ಇದು ಬಸ್ ಸ್ಟ್ಯಾಂಡಿನಲ್ಲೇ ಎಲ್ಲರಿಗೂ ಕಾಣುತ್ತಿತ್ತು. ಬೆಲ್ಟು ಇಲ್ಲದಿದ್ದರೆ ಅಲ್ಲೇ ಬೀಳುತ್ತಿದ್ದ, ಬಿದ್ದಿದ್ದರೆ ಎತ್ತಿಕೊಂಡು ಓಡುತ್ತಿದ್ದರು. ತಾನು ಕಾಳಜಿಯಿಂದ ಮಾಡಿದ ಒಂದೊಂದು ಕೆಲಸವೂ ಸೇರಿ ಗೆಳೆಯನನ್ನು ನಿಂತಲ್ಲೇ ಸಾಯಿಸಿತು ಎಂದು ಗಾದ್ರಪ್ಪನಿಗೆ ಆ ಹಿತ್ತಲಲ್ಲಿ ಹೊಳೆಯಿತು. ಕಿವಿಯ ಮಡಿಕೆಗಳಲ್ಲಿ ಸೇರಿದ್ದ ಬಣ್ಣ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಸಾಕು ಬಿಡು, ಹೊತ್ತಾಯಿತು ಎಂದು ಹಿರಿಯರು ಎಬ್ಬಿಸಿದರು. ಕೆಂಚೇಶನನ್ನು ಹಾಗೆಯೇ ಮಣ್ಣು ಮಾಡಿದರು.

ಮೊದಲ ಬಹುಮಾನ ವೀರಗಲ್ಲಿಗೇ ಬಂತು. ಬಳಗದವರು ಶೀಲ್ಡನ್ನು ತಂದು ಕೆಂಚೇಶನ ಹೆಂಡತಿ ಕೆಂಪಕ್ಕನ ಕೈಗೆ ಕೊಟ್ಟರು. ಅವಳು ಅದನ್ನು ಗಂಡನ ಫೋಟೋದ ಕೆಳಗೆ ಇಟ್ಟಳು. ಕೆಂಚೇಶನಷ್ಟೇ ಗಟ್ಟಿ ಹೆಂಗಸು, ಆದರೆ ಮಾತಿನಲ್ಲಲ್ಲ, ಕೆಲಸದಲ್ಲಿ. ಗಂಡ ಹೋದ ಮೇಲೆ ಅದೇ ಗಿರಣಿಗೆ ಹಿಟ್ಟು ಜರಡಿ ಹಿಡಿಯಲು ಹೋಗತೊಡಗಿದಳು. ಮಗಳ ಮಗು ಚೈತ್ರಶ್ರೀ ಅವಳ ಹತ್ತಿರವೇ ಬೆಳೆಯುತ್ತಿತ್ತು.

ಗಾದ್ರಪ್ಪನಿಗೆ ಸಹಿಸಲಾಗದ್ದು ಅವಳ ಸಿಟ್ಟಲ್ಲ. ಸಿಟ್ಟೇ ಇರಲಿಲ್ಲ. "ನಮ್ಮನೆಯವರಿಗೆ ಅಣ್ಣನ ಜಾಗದಾಗೆ ನೀವೇ ಇದ್ದೋರು" ಎಂದು ಅವಳು ಯುಗಾದಿಗೆ ಹೋಳಿಗೆ ಕಳಿಸಿದಳು. ಮಗುವಿಗೆ ಜ್ವರ ಬಂದರೆ ಅವನನ್ನೇ ಕೇಳಿದಳು, ಮನೆಯ ಹಂಚು ಸರಿದರೆ ಅವನನ್ನೇ ಕರೆದಳು. ಅವತ್ತು ಹೆಬ್ಬೆರಳು ಎರಡು ಸಲ ಮಡಚಿದ್ದು ಅವನೊಬ್ಬನಿಗೇ ಗೊತ್ತಿತ್ತು. ಆ ವರ್ಷ ಅವನು ಶೆಡ್ಡಿನ ಬಾಗಿಲು ತೆರೆಯಲಿಲ್ಲ, ಬೊಂಬೆಗಳನ್ನು ಬಿಸಿಲಿಗೆ ತರಲಿಲ್ಲ. ನ್ಯಾಮತಿಯವರು ಬಂದಾಗ, ಕೈ ನಡುಗುತ್ತದೆ ಎಂದು ಸುಳ್ಳು ಹೇಳಿ ಕಳಿಸಿದ. ಊಟ ಸೇರಲಿಲ್ಲ. ಕೊನೆಗೆ ಒಂದು ದಿನ ಶಂಕ್ರಮ್ಮನ ಮುಂದೆ ಎಲ್ಲ ಹೇಳಿಕೊಂಡ.

ಶಂಕ್ರಮ್ಮ ಎಲ್ಲ ಕೇಳಿಸಿಕೊಂಡು, "ನನಗೆ ಹೇಳಿದ್ರಲ್ಲ, ಇಲ್ಲಿಗೆ ಸಾಕು ಮಾಡ್ರಿ. ಆಕೆಗೆ ಹೇಳಬ್ಯಾಡ್ರಿ. ನಿಮ್ಮ ಹೊಟ್ಟೆ ಹಗುರ ಮಾಡ್ಕಳಾಕೆ ಆಕೆ ಹೊಟ್ಟೆಗೆ ಯಾಕೆ ಬೆಂಕಿ ಹಾಕ್ತೀರಿ?" ಎಂದಳು.

ಆ ಮಾತು ಸರಿ ಎಂದು ಗಾದ್ರಪ್ಪನಿಗೂ ಅನ್ನಿಸಿತು. ಸುಮ್ಮನೇ ಇರುತ್ತಿದ್ದನೋ ಏನೋ. ಆದರೆ ವರ್ಷದ ಎಡೆ ಹತ್ತಿರ ಬಂತು. ಕೆಂಪಕ್ಕ ಮನೆಯ ತನಕ ಬಂದು, "ಮೊದಲನೇ ಎಡೆ ನೀವೇ ಇಡಬೇಕು ಅಣ್ಣ. ನಮ್ಮನೆಯವರು ಅದನ್ನೇ ಇಷ್ಟ ಪಡ್ತಿದ್ರು" ಎಂದು ಕರೆದು ಹೋದಳು. ಸತ್ತವನ ಮುಂದೆ ಬಾಳೆಲೆ ಹಾಕಿ, ಅನ್ನ ಬಡಿಸಿ, ಕೈ ಮುಗಿದು ಊಟಕ್ಕೆ ಕರೆಯಬೇಕು. ಇಳಿಸು ಅಂದವನಿಗೆ ತಡಕೋ ಅಂದ ಬಾಯಿಂದ ಹೇಗೆ ಕರೆಯುವುದು? ಎಡೆಯ ಹಿಂದಿನ ದಿನ ಮಧ್ಯಾಹ್ನ, ಶಂಕ್ರಮ್ಮನಿಗೆ ಹೇಳದೆ, ಗಾದ್ರಪ್ಪ ಕೆಂಪಕ್ಕನ ಮನೆಗೆ ಹೋದ.

ಕೆಂಪಕ್ಕ ನಡುಮನೆಯಲ್ಲಿ ಕೂತು ನಾಳೆಯ ಅಡುಗೆಗೆ ಮೊರದಲ್ಲಿ ಬೇಳೆ ಆರಿಸುತ್ತಿದ್ದಳು. ಮಗು ಅಂಗನವಾಡಿಗೆ ಹೋಗಿತ್ತು.

"ಬರ್ರಿ ಅಣ್ಣ. ನಾಳೆ ಬರ್ರಿ ಅಂದ್ರೆ ಇವತ್ತೇ ಬಂದ್ರಲ್ಲ! ಚಾ ಇಡ್ತೀನಿ ಕುಂದ್ರಿ."

"ಚಾ ಬ್ಯಾಡ ಕೆಂಪಕ್ಕ. ಒಂದು ಮಾತು ಹೇಳಾಕೆ ಬಂದೀನಿ. ಕೇಳಿದ ಮ್ಯಾಲೆ ನಾಳೆ ನಾನು ಎಡೆ ಇಡಬೇಕೋ ಬ್ಯಾಡೋ ನೀನೇ ಹೇಳು."

ಅವಳು ಮೊರ ಕೆಳಗಿಟ್ಟಳು. ಗಾದ್ರಪ್ಪ ವರ್ಷದಿಂದ ಮನಸ್ಸಿನಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದ ಮಾತು ಅದು. ಈಗ ಮೂರೇ ವಾಕ್ಯದಲ್ಲಿ ಮುಗಿಯಿತು.

"ಅವತ್ತು ಅವನು ಹೆಬ್ಬೆರಳು ಎರಡು ಸಲ ಮಡಚಿದ. ನಾನು ಕಣ್ಣಾರೆ ನೋಡಿದೆ. ನೋಡಿನೂ ಟ್ರಾಲಿ ನಿಲ್ಲಿಸಲಿಲ್ಲ."

ಆ ಸನ್ನೆಯ ಅರ್ಥ ಗಂಡ ಹೇಳಿ ಅವಳಿಗೆ ಗೊತ್ತಿತ್ತು. ಅವಳು ಅಳಲಿಲ್ಲ, ಬೈಯಲಿಲ್ಲ. ಮೊರದ ಅಂಚನ್ನು ಬೆರಳಿನಿಂದ ಸವರುತ್ತ ಕೂತಳು. ಕೊನೆಗೆ ಕೇಳಿದ್ದು ಗಾದ್ರಪ್ಪ ಕಾಯುತ್ತಿದ್ದ ಮಾತಾಗಿರಲಿಲ್ಲ.

"ಎಲ್ಲಿ ಮಡಚಿದ್ದು? ಸರ್ಕಲ್ಲಿಗಿಂತ ಮೊದಲಾ, ಆಮೇಲಾ?"

"ಯಾಕೆ ತಾಯಿ?"

"ಹೇಳ್ತೀನಿ. ಇದನ್ನ ಯಾರ ಮುಂದೇನೂ ಹೇಳಿಲ್ಲ" ಎಂದಳು ಕೆಂಪಕ್ಕ. "ಅವತ್ತು ನಾನು ಸರ್ಕಲ್ಲಿನಾಗೆ, ಬಳೆ ಅಂಗಡಿ ಮೂಲೇಲಿ ಕೂಸು ಎತ್ತಿಕೊಂಡು ನಿಂತಿದ್ದೆ. ಟ್ರಾಲಿ ನಿಂತ ತಕ್ಷಣ ಅವರು ಕತ್ತು ಹೊಳ್ಳಿಸಿ ನನ್ನ ನೋಡಿದ್ರು. ಇಷ್ಟು ವರ್ಷ ಬೀದೀಲಿ ನಿಂತು ನೋಡೀನಿ, ಒಂದು ವರ್ಷಾನೂ ನನ್ನ ಕಡೆ ಕಣ್ಣು ಹೊಳ್ಳಿಸಿದ್ದಿಲ್ಲ. ಅವತ್ತು ನೋಡಿದ್ರು ಅಣ್ಣ. ಹೋಗಿ ಬರ್ತೀನಿ ಅಂದಂಗೆ ನೋಡಿದ್ರು. ನಿಮಗೆ ಯಾಕೆ ಹೇಳಿಲ್ಲ ಅಂದ್ರೆ, ಅವರು ಅಲ್ಲಾಡಿಬಿಟ್ರು ಅಂತ ನೀವು ಬೇಜಾರ ಮಾಡ್ಕಂತೀರಿ ಅಂತ."

"ಆ ಒಂದು ನೋಟ ಇಟ್ಕಂಡು ಈ ವರ್ಷ ಬದುಕೀನಿ" ಎಂದಳು ಅವಳು. "ಈಗ ನೀವು ಬೆರಳು ಮಡಚಿದ್ರು ಅಂತೀರಿ. ಸರ್ಕಲ್ಲಿಗಿಂತ ಮೊದಲು ಮಡಚಿದ್ರೆ, ಅದು ನೋಡಿದ್ದಲ್ಲ ಅಲ್ವೇನ್ರಿ? ಇಳಿಸು ಅಂದೋರು ಇಳಿಸದಿದ್ರೂ ಮತ್ತೆ ಬೆರಳು ಮಡಚಲಿಲ್ಲ ಅಂದ್ರೆ, ಅಷ್ಟೊತ್ತಿಗೆ ಜೀವ ಹೋಗಿತ್ತು. ಟ್ರಾಲಿ ಜಗ್ಗಿದ್ದಕ್ಕೆ ಕತ್ತು ವಾಲಿತು, ಅಷ್ಟೇಯ. ನಾನು ಹುಚ್ಚಿ ಹಂಗೆ ಹೆಣ ನೋಡಿ ನಕ್ಕೆ. ಕೂಸಿಗೂ ತೋರಿಸಿದೆ."

ವಾಲಿದ ತಲೆ ಗಾದ್ರಪ್ಪನಿಗೆ ನೆನಪಿತ್ತು, ರೆಪ್ಪೆಯ ಮೇಲೆ ನಡೆದ ನೊಣವೂ ನೆನಪಿತ್ತು. ಕೆಂಚೇಶ ಸರ್ಕಲ್ಲಿನಲ್ಲಿ ಯಾರನ್ನೂ ನೋಡಲಿಲ್ಲವೆಂದು ಈ ಭೂಮಿಯ ಮೇಲೆ ಖಾತ್ರಿಯಾಗಿ ಗೊತ್ತಿದ್ದವನು ಅವನೊಬ್ಬನೇ. ಶಂಕ್ರಮ್ಮ ಹೇಳಬೇಡ ಅಂದದ್ದು ಯಾಕೆ ಎಂದು ಈಗ ಅರ್ಥವಾಯಿತು. ಬಂದದ್ದೇ ತಪ್ಪಾಯಿತು, ಬಂದಾಗಿತ್ತು. ಕೆಂಪಕ್ಕ ಅವನ ಮುಖವನ್ನೇ ನೋಡುತ್ತಿದ್ದಳು.

"ಆಮೇಲೆ" ಎಂದ ಗಾದ್ರಪ್ಪ. "ಸರ್ಕಲ್ ದಾಟಿದ ಮ್ಯಾಲೆ."

"ನಿಜವಾ?"

"ನಿಜ."

"ಹಂಗಂದ್ರೆ ಸರ್ಕಲ್ಲಿನಾಗೆ ಅವರು ನೆಟ್ಟಗಿದ್ರು?"

"ನೆಟ್ಟಗಿದ್ದ. ಅವನು ಕತ್ತು ಹೊಳ್ಳಿಸಿದ್ದು ನಾನೂ ನೋಡಿದೆ. ಇವನೇನು ಈ ಹೊತ್ತಿನಾಗೆ ಹೆಂಡ್ತಿ ನೋಡ್ತಾನೆ ಅಂತ ಸಿಟ್ಟೂ ಬಂತು ನನಗೆ."

ಕೆಂಪಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಕಣ್ಣಲ್ಲಿ ನೀರು ಇಳಿಯಿತು, ಆದರೆ ಮುಖ ತಿಳಿಯಾಯಿತು. ಗಾದ್ರಪ್ಪನಿಗೂ ಒಂದು ಕ್ಷಣ, ಇಷ್ಟಕ್ಕೇ ಮುಗಿಯಿತು, ಬದುಕಿದೆ ಎನ್ನಿಸಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದವನು, ಮುಂದಿನ ದಾರಿಯ ಬಗ್ಗೆ ಯೋಚಿಸಿರಲಿಲ್ಲ.

ಅವಳು ಕಣ್ಣು ಒರೆಸಿಕೊಂಡಳು. ತನಗೆ ತಾನೇ ದಾರಿ ಎಣಿಸಿಕೊಳ್ಳುವವಳಂತೆ ಮೆಲ್ಲಗೆ ಕೇಳಿದಳು.

"ಸರ್ಕಲ್ ದಾಟಿದ್ರೆ ದೊಡ್ಡಾಸ್ಪತ್ರೆ ಗೇಟಲ್ವಾ?"

ಗಾದ್ರಪ್ಪ ಮೊರದಲ್ಲಿದ್ದ ಬೇಳೆಯನ್ನೇ ನೋಡಿದ.

"ಗೇಟಿನ ಮುಂದೇನೇ ಬೆರಳು ಮಡಚಿದ್ರಾ? ಹತ್ತು ಹೆಜ್ಜೆ ಅಷ್ಟೇ ಅಲ್ವಾ ಅದು? ಬಹುಮಾನ ಕೊಡೋರೂ ನೋಡಿ ಆಗಿತ್ತು. ಎಲ್ಲ ಮುಗಿದಿತ್ತು. ಮತ್ತೆ ಯಾಕೆ ನಿಲ್ಲಿಸಲಿಲ್ಲ?"

ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸದೇ ಇದ್ದುದಕ್ಕೆ ಅವನ ಹತ್ತಿರ ಒಂದು ಕಾರಣವಾದರೂ ಇತ್ತು, ಕೆಟ್ಟದೋ ಒಳ್ಳೆಯದೋ, ಕೆಲಸದ ಮೇಲಿನ ಹುಚ್ಚು. ಆಸ್ಪತ್ರೆಯ ಗೇಟಿನ ಮುಂದೆ ನಿಲ್ಲಿಸದೇ ಇದ್ದುದಕ್ಕೆ ಯಾವ ಮನುಷ್ಯನೂ ಕಾರಣ ಕೊಡಲಾರ. ನಡೆಯದೇ ಇದ್ದುದಕ್ಕೆ ಎಲ್ಲಿಂದ ಕಾರಣ ತರುವುದು? ನಿಜ ಹೇಳಿಬಿಡಲು ಒಂದು ಸಲ ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿದ.

"ಯಾಕೆ ನಿಲ್ಲಿಸಲಿಲ್ಲ ಅಂತ ಕೇಳ್ತಿದೀನಿ" ಎಂದಳು ಕೆಂಪಕ್ಕ. ದನಿ ಏರಿರಲಿಲ್ಲ. "ಯಾರು ನೋಡಲಿ ಅಂತ ನಿಲ್ಲಿಸಲಿಲ್ಲ? ಅಲ್ಲಿ ಯಾರಿದ್ರು?"

"ತಪ್ಪಾತು ತಾಯಿ" ಎಂದಷ್ಟೇ ಅಂದ ಗಾದ್ರಪ್ಪ.

"ಏಳು."

ಇಷ್ಟು ವರ್ಷ ಅವಳು ಅವನಿಗೆ ಏಕವಚನ ಆಡಿರಲಿಲ್ಲ.

"ಏಳು ಮ್ಯಾಲೆ. ನಾಳೆ ಎಡೆಗೆ ಬರಬ್ಯಾಡ. ಎಂದಿಗೂ ಈ ಬಾಗ್ಲು ತುಳೀಬ್ಯಾಡ."

ಗಾದ್ರಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದ. ಮಾರನೆಯ ದಿನ ಮೊದಲನೆಯ ಎಡೆಯನ್ನು ಗಿರಣಿಯ ಯಜಮಾನ ಮಲ್ಲೇಶಪ್ಪ ಇಟ್ಟರಂತೆ. ಸುದ್ದಿ ಊರಲ್ಲಿ ಹಬ್ಬಲು ಹೆಚ್ಚು ದಿನ ಹಿಡಿಯಲಿಲ್ಲ. ಆಸ್ಪತ್ರೆ ಗೇಟಿನ ಮುಂದೆ ಗೆಳೆಯನನ್ನು ಸಾಯಬಿಟ್ಟವನು ಎಂದು ಜನ ಅವನ ಬೆನ್ನ ಹಿಂದೆ ಆಡುತ್ತಾರೆ, ಕೆಲವರು ಮುಂದೆಯೇ ಆಡುತ್ತಾರೆ. ಬಳಗದವರು ಈಗ ಬೇರೆಯವರ ಕೈಲಿ ಟ್ರಾಲಿ ಕಟ್ಟಿಸುತ್ತಾರೆ. ಬಣ್ಣದ ಕೆಲಸಕ್ಕೆ ಕರೆಯುವವರೂ ಕಡಿಮೆಯಾದರು. ನಿಜ ಏನೆಂದು ಶಂಕ್ರಮ್ಮನಿಗೆ ಗೊತ್ತು. ಬೀದಿಗೆ ಹೋಗಿ ಕೂಗಿ ಹೇಳಲೇ ಎಂದು ಅವಳು ಅತ್ತು ಕೇಳಿದಾಗ, ಗಾದ್ರಪ್ಪ ತನ್ನಾಣೆ ಹಾಕಿ ಬಾಯಿ ಕಟ್ಟಿಸಿದ್ದಾನೆ.

ಒಂದು ವರ್ಷ ಎದೆಯೊಳಗೇ ಇಟ್ಟುಕೊಂಡಿದ್ದ ಮಾತನ್ನು ಕೆಂಪಕ್ಕ ಮಾತ್ರ ಈಗ ಬಿಚ್ಚುಮನಸ್ಸಿನಿಂದ ಹೇಳುತ್ತಾಳೆ. ಗಿರಣಿಗೆ ಬಂದ ಹೆಂಗಸರಿಗೆ, ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರಿಗೆ, ಮೊಮ್ಮಗಳಿಗೆ ತಲೆ ಬಾಚುವಾಗ. "ಅವತ್ತು ಸರ್ಕಲ್ಲಿನಾಗೆ ನಮ್ಮನೆಯವರು ನನ್ನ ನೋಡೇ ಹೋದ್ರು. ಸುಳ್ಳು ಅನ್ಸಿದ್ರೆ ಆ ಪಾಪಿ ಗಾದ್ರಪ್ಪನ್ನ ಕೇಳ್ರಿ, ಅವನೂ ನೋಡ್ಯಾನೆ" ಎನ್ನುತ್ತಾಳೆ.

ಕೆಲವರು ಬಂದು ಕೇಳುತ್ತಾರೆ. ಹೌದು, ನೋಡಿದ, ಎನ್ನುತ್ತಾನೆ ಗಾದ್ರಪ್ಪ.